ನಾಗರಕಟ್ಟೆಗೆ ಹೋದ ಹೆಡೆಕಳ್ಳಿ

ನಾನು, ಬಸವಪ್ರಸಾದ್ ಬಿನ್ ಲಿಂಗಣ್ಣ, 46 ವರ್ಷ, ಬಿ.ಎ., ಬಿತ್ತನೆ ಬೀಜ ಮತ್ತು ಗೊಬ್ಬರದ ಅಂಗಡಿ ವ್ಯಾಪಾರ, ವಾಸ ಸರಗೂರು ಟೌನ್, ಮೈಸೂರು ಜಿಲ್ಲೆ, ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಮನೆಯ ಜಗಲಿಯ ಮೇಲೆ ಒಂಬತ್ತು ವರ್ಷದಿಂದ ಒಂದು ಹೆಡೆಕಳ್ಳಿ ಬೆಳೆಸಿರುತ್ತೇನೆ. ಸಾಮಾನ್ಯ ಕಳ್ಳಿ ಒಂದೇ ತುದಿಯಲ್ಲಿ ನೆಟ್ಟಗೆ ಬೆಳೆಯುತ್ತದೆ. ಇದರಲ್ಲಿ ತುದಿಯೇ ಗೆರೆಯಂತೆ ಅಗಲವಾಗಿ, ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಹೆಡೆ ಬಿಚ್ಚುತ್ತದೆ. ಬಲು ಅಪರೂಪ. ಕಂಬಕಳ್ಳಿಯ ಮೇಲೆ ನಾನೇ ಕಸಿ ಮಾಡಿದ್ದು. ಅಗಲ 31 ಸೆಂ.ಮೀ., ಎತ್ತರ 19 ಸೆಂ.ಮೀ. ಹುಣಸೂರು, ಪಿರಿಯಾಪಟ್ಟಣದಿಂದ ಜನ ಬಂದು ಫೋಟೋ ತೆಗೆದುಕೊಂಡು ಹೋಗಿರುತ್ತಾರೆ. ಪಕ್ಕದಲ್ಲಿ “ಕಂಡರೆ ಸೊಗಸು, ಮುಟ್ಟಿದರೆ ಮುನಿಸು” ಎಂದು ಬೋರ್ಡು ಇಟ್ಟಿರುತ್ತೇನೆ. ಹೇಳಿಕೆಯಲ್ಲಿ ಪ್ರಾಸ ಬೇಡವೆಂದು ಹೆಡ್ ಕಾನ್‌ಸ್ಟೆಬಲ್ ಮಾದೇಶ್ ರವರು ತಿಳಿಸಿದರು. ಬೋರ್ಡಿನಲ್ಲಿ ಇರುವುದನ್ನೇ ಬರೆಸಿರುತ್ತೇನೆ.

ಕಸಿಯ ಮೇಲಿನ ಈ ಹೆಡೆಯ ಬುಡದಲ್ಲಿ ಆಗಾಗ ನೆಟ್ಟಗಿನ ಚಿಗುರು ಬರುತ್ತದೆ. ಬಿಟ್ಟರೆ ಅದೇ ಸತ್ವವೆಲ್ಲ ಎಳೆದುಕೊಂಡು ಹೆಡೆ ಸೊರಗುತ್ತದೆ. ಆದ್ದರಿಂದ ಕಂಡ ಕೂಡಲೇ ಬ್ಲೇಡಿನಿಂದ ಕೊಯ್ದು ಕಾಂಪೌಂಡಿನ ಆಚೆ ಎಸೆಯುವುದು ನನ್ನ ರೂಢಿ.

ದಿನಾಂಕ 09-12-2024, ಸೋಮವಾರ ಬೆಳಿಗ್ಗೆ 6-10ಕ್ಕೆ ಜಗಲಿಯಲ್ಲಿ ಕುಂಡ ಇರಲಿಲ್ಲ. ಕುಂಡದ ದುಂಡನೆ ಗುರುತು ಮಾತ್ರ ಇತ್ತು. ನಾನು ಬೀದಿಯ ಎರಡೂ ತುದಿಗೆ ಓಡಿದ್ದನ್ನು ಕಂಡು ನನ್ನ ಹೆಂಡತಿ ಮಂಗಳಗೌರಿ, ತನ್ನ ಕಿವಿಯ ಓಲೆ ಕಳೆದಾಗ ನಾನು ಇಷ್ಟು ಓಡಾಡಲಿಲ್ಲವೆಂದು ಹೇಳಿದಳು.

6-25ಕ್ಕೆ ನಮ್ಮ ಮನೆಯಿಂದ 210 ಹೆಜ್ಜೆ ದೂರದ ಅರಳಿಕಟ್ಟೆಯಲ್ಲಿ, ಎರಡು ನಾಗರಕಲ್ಲುಗಳ ನಡುವೆ ನನ್ನ ಕುಂಡ ಕಂಡುಬಂತು. ಹೆಡೆಗೆ ಅರಿಶಿನ ಕುಂಕುಮ ಹಚ್ಚಿತ್ತು. ಮೂವರು ಹೆಂಗಸರು ಪ್ರದಕ್ಷಿಣೆ ಹಾಕುತ್ತಿದ್ದರು. ನಾನು ಬೆಳೆಸಿದ ಗಿಡಕ್ಕೆ ಸಂದ ಈ ಮರ್ಯಾದೆ ನೋಡುತ್ತಾ ಎರಡು ನಿಮಿಷ ದೂರು ಮರೆತು ನಿಂತಿದ್ದು ನಿಜ. ನಂತರ ಕುಂಡದಲ್ಲಿ ಸುಮಾರು ಅರ್ಧ ಲೀಟರ್ ಹಾಲು ನಿಂತಿರುವುದು ಕಣ್ಣಿಗೆ ಬಿತ್ತು. ಹಾಲು ನಿಂತರೆ ಬುಡ ಕೊಳೆತು ನಾಲ್ಕೇ ದಿನಕ್ಕೆ ಗಿಡ ಹೋಗುತ್ತದೆ. ಎತ್ತಲು ಹೋದಾಗ ಹೆಂಗಸರು ಅಡ್ಡ ನಿಂತಿದ್ದರಿಂದ 7-05ಕ್ಕೆ ಠಾಣೆಗೆ ಬಂದೆನು.

7-30ಕ್ಕೆ ಮಾದೇಶ್ ರವರು ನನ್ನೊಡನೆ ಕಟ್ಟೆಗೆ ಬಂದು ವಿಚಾರಿಸಲಾಗಿ, ನಮ್ಮ ಪಕ್ಕದ ಮನೆಯ ಚಿಕ್ಕಸಿದ್ದಮ್ಮ, 71 ವರ್ಷ, ತಾನೇ ಹೊತ್ತು ತಂದಿದ್ದಾಗಿ ಒಪ್ಪಿಕೊಂಡರು. “ನಾಗಪ್ಪ ಎಡೆ ಎತ್ಕಂಡು ಕುಂತವ್ನೆ. ಇವ್ನು ತಿಂಗ್ಳು ತಿಂಗ್ಳೂ ಬ್ಲೇಡ್ ತಕ್ಕಂಡು ಅದ್ರ ಮರೀನೆಲ್ಲಾ ಕುಯ್ದು ಬಿಸಾಕ್ತಾನೆ ಕಣಪ್ಪ. ನೋಡ್ಕಂಡು ಎಂಗಿರ್ಲಿ?” ಎಂಬುದಾಗಿ ತಿಳಿಸಿದರು. ಅವರಿಗೆ ಓದು ಬಾರದ್ದರಿಂದ ಬೋರ್ಡಿನಿಂದ ಪ್ರಯೋಜನವಾಗಿರಲಿಲ್ಲ.

ಬಿಸಾಡಿದ ಮರಿಗಳೇನಾದವು ಎಂದು ಮಾದೇಶ್ ರವರು ಕೇಳಲಾಗಿ, ಚಿಕ್ಕಸಿದ್ದಮ್ಮನವರು ನಮ್ಮನ್ನು ತಮ್ಮ ಹಿತ್ತಿಲಿಗೆ ಕರೆದೊಯ್ದರು. ಅಲ್ಲಿ ಹಳೆಯ ಎಣ್ಣೆ ಡಬ್ಬಗಳಲ್ಲಿ ಹದಿನಾಲ್ಕು ಚಿಗುರು ನೆಟ್ಟಿದ್ದರು. ಹದಿಮೂರು ನೆಟ್ಟಗಿದ್ದವು. ಒಂಬತ್ತನೇ ಡಬ್ಬದ್ದು ಹೆಡೆ ಬಿಚ್ಚಿತ್ತು. ಅಗಲ 4 ಸೆಂ.ಮೀ. ಕಸಿಯಲ್ಲ, ಸ್ವಂತ ಬೇರಿನ ಮೇಲೆ. ನಾನು ಒಂಬತ್ತು ವರ್ಷ ಯತ್ನಿಸಿ ಸೋತ ಕೆಲಸ ಅದು. ನಾನು ನೆಲದ ಮೇಲೆ ಕುಳಿತು ಅದನ್ನು ಎರಡು ಸಲ ಅಳೆದೆನು. ಏನು ಹಾಕಿದಿರಿ ಎಂದು ಕೇಳಿದ್ದಕ್ಕೆ, ಅಕ್ಕಿ ತೊಳೆದ ನೀರು, ಅದೂ ನೆನಪಾದಾಗ ಎಂದರು. ಒಂದು ತುಂಡು ಕೊಡಿ ಎಂದು ಕೇಳಿದ್ದಕ್ಕೆ, “ಬ್ಲೇಡ್ ಇಡ್ಕಂಡು ಇತ್ತ ಬಂದ್ಯೋ, ಇದೇ ಮಾದೇಶಪ್ಪನ್ಗೇಳಿ ನಿನ್ನೇ ಒಳಿಕ್ಕಾಕುಸ್ತೀನಿ ಕಣ್ಲಾ ಬಸ್ವ” ಎಂದರು.

ಇನ್ನು ಮುಂದೆ ಚಿಗುರನ್ನು ಎಸೆಯದೆ ಅವರ ಕೈಗೇ ಕೊಡುವ ಷರತ್ತಿನ ಮೇಲೆ ನನ್ನ ಕುಂಡ ವಾಪಸ್ ಸಿಕ್ಕಿರುತ್ತದೆ. 8-40ಕ್ಕೆ ಮಣ್ಣು ಬದಲಾಯಿಸಿರುತ್ತೇನೆ. ಗಿಡ ಉಳಿಯುತ್ತದೆ.

ಚಿಕ್ಕಸಿದ್ದಮ್ಮನವರ ಮೇಲೆ ಯಾವ ಕ್ರಮವೂ ಬೇಡ. ಒಂಬತ್ತನೇ ಡಬ್ಬದ ಗಿಡಕ್ಕೆ ತಾಯಿ ನನ್ನ ಮನೆಯದು, ಬೆಳೆಸಿದ ಕೈ ಅವರದು. ಇದನ್ನು ಮಾತ್ರ ಠಾಣೆಯ ದಾಖಲೆಯಲ್ಲಿ ಬರೆದುಕೊಳ್ಳಬೇಕು. ನಾಳೆ ಹುಣಸೂರಿನವರು ಬಂದು ಕೇಳಿದರೆ ತೋರಿಸಲು ಬೇಕಾಗುತ್ತದೆ.

ಮೇಲೆ ಬರೆಸಿದ್ದನ್ನು ಓದಿಸಿ ಕೇಳಿರುತ್ತೇನೆ. ಅಳತೆಗಳೂ ಸೇರಿದಂತೆ ಎಲ್ಲವೂ ನಿಜ.

ಸ್ಥಳ: ಸರಗೂರು
ದಿನಾಂಕ: 09-12-2024

ಸಹಿ: ಬಸವಪ್ರಸಾದ್
ಸಾಕ್ಷಿ: ಚಿಕ್ಕಸಿದ್ದಮ್ಮ, ಎಡಗೈ ಹೆಬ್ಬೆಟ್ಟು (ಅರಿಶಿನದ ಗುರುತು ಸಹಿತ)