ಹೌಸ್‌ಫುಲ್ ಬೋರ್ಡಿನ ಮುಂದೆ ಮೂರು ಸಲ ಕೂಗಿದ್ದರ ಬಗ್ಗೆ

ನನ್ನ ಹೆಸರು ಬಾಳೇಶ ತಂದೆ ಭರಮಣ್ಣ ಪೂಜೇರಿ, ವಯಸ್ಸು 33 ವರ್ಷ, ಉದ್ಯೋಗ ಖಾನಾಪುರ ಡಿಪೋದಲ್ಲಿ ಬಸ್ ಕಂಡಕ್ಟರ್, ಅವಿವಾಹಿತ, ಸಾಕಿನ್ ನಂದಗಡ, ತಾಲ್ಲೂಕು ಖಾನಾಪುರ, ಜಿಲ್ಲೆ ಬೆಳಗಾವಿ. ಸಿನಿಮಾ ಟಿಕೆಟ್ಟುಗಳನ್ನು ಬ್ಲ್ಯಾಕಿನಲ್ಲಿ ಮಾರುತ್ತಿದ್ದೆನೆಂದು ನನ್ನನ್ನು ಠಾಣೆಗೆ ತಂದು ವಿಚಾರಿಸಿದ್ದಕ್ಕೆ, ನಡೆದದ್ದನ್ನು ನಡೆದಂತೆ ಬರೆಸುವುದೇನೆಂದರೆ:

ಕಳೆದ ಎರಡು ವರ್ಷಗಳಲ್ಲಿ ನಾನು ಹನ್ನೊಂದು ಹೆಣ್ಣು ನೋಡಿದ್ದೇನೆ. ಹನ್ನೊಂದು ಕಡೆಯೂ ಅವಲಕ್ಕಿ ತಿಂದು, ಚಹಾ ಕುಡಿದು, ಬಾಯಿ ಬಿಡದೆ ಎದ್ದು ಬಂದಿದ್ದೇನೆ. ಬಸ್ಸಿನಲ್ಲಿ ದಿನಕ್ಕೆ ನಾನೂರು ಜನರ ಜೊತೆ ಗಂಟಲು ಹರಿದುಕೊಳ್ಳುವ ನನಗೆ ಹೆಣ್ಣಿನ ಮುಂದೆ ಕೂತರೆ ನಾಲಿಗೆ ಏಳುವುದಿಲ್ಲ. ದಿನಾಂಕ 11-02-2001ರಂದು ಬೆಳಗಾವಿಯ ಹಿಂದವಾಡಿಯಲ್ಲಿ ಹನ್ನೆರಡನೆಯ ಹೆಣ್ಣು ನೋಡಿದೆವು. ಅವರ ಹೆಸರನ್ನು ನಾನು ಬರೆಸುವುದಿಲ್ಲ. ಮದುವೆ ಗೊತ್ತು ಮಾಡುವ ಸಕ್ಕರೆ ಶಾಸ್ತ್ರ ಆಗುವ ಮೊದಲೇ ಹೆಣ್ಣುಮಗಳ ಹೆಸರು ಪೊಲೀಸರ ಕಾಗದದಲ್ಲಿ ಬಂದರೆ ಆ ಮನೆಯವರು ನಮ್ಮ ಹೊಸ್ತಿಲು ತುಳಿಯುವುದಿಲ್ಲ. ಅಲ್ಲಿಯೂ ನಾನು ಮಾತನಾಡಲಿಲ್ಲ. ಎರಡು ದಿನದ ನಂತರ ಹುಡುಗಿಯೇ ಹೇಳಿ ಕಳಿಸಿದರು. ಒಮ್ಮೆಯಾದರೂ ಮಾತನಾಡಿಸಿ ನೋಡದೆ ತಾನು ಒಪ್ಪುವುದಿಲ್ಲ, ಭಾನುವಾರ ಚಿಕ್ಕಮ್ಮನ ಜೊತೆ ಎಲ್ಲಾದರೂ ಬರುತ್ತೇನೆ, ಅದೇ ದಿನ ಸಂಜೆ ಆರರೊಳಗೆ ಹೌದು ಅಥವಾ ಇಲ್ಲ ಹೇಳುತ್ತೇನೆ ಎಂದರು.

ನನ್ನ ಬಸ್ಸಿನ ಡ್ರೈವರ್ ಬೀರೇಶ ಆ ವಾರ ಬಂದಿದ್ದ ಹಿಂದಿ ಸಿನಿಮಾಕ್ಕೆ ಕರೆದುಕೊಂಡು ಹೋಗಲು ಹೇಳಿದ. ಅದರಲ್ಲಿ ನಾಯಕನಿಗೆ ಮೂವತ್ತು ದಾಟಿದೆ, ಹೆಣ್ಣಿನ ಕೈ ಮುಟ್ಟಿದವನಲ್ಲ, ಹುಡುಗಿ ಎದುರು ಬಂದರೆ ಅಡ್ಡಾದಿಡ್ಡಿ ಮಾತನಾಡುತ್ತಾನೆ, ಜನ ಹೊಟ್ಟೆ ಹಿಡಿದು ನಗುತ್ತಾರೆ ಎಂದ. “ನಿನ್ನ ಕತೀನ ತಗದಾರೊ ಮಾರಾಯಾ. ಅವನ್ನ ನೋಡಿದ ಮ್ಯಾಲ ನೀ ಶಾಣ್ಯಾ ಕಾಣಸ್ತಿ,” ಎಂದ. ನಾನು ನಂಬಿದೆ. ಈ ಸಲಹೆ ಕೊಟ್ಟವನು ಈಗ ಮನೆಯಲ್ಲಿ ಉಂಡು ಮಲಗಿದ್ದಾನೆ, ನಾನು ಇಲ್ಲಿದ್ದೇನೆ.

ದಿನಾಂಕ 18-02-2001ರ ಭಾನುವಾರ ನನಗೆ ವಾರದ ರಜೆ. ಬೆಳಿಗ್ಗೆ 10.15ಕ್ಕೆ ನಂದಗಡ ಬಿಟ್ಟು, ಖಾನಾಪುರದಲ್ಲಿ ಬಸ್ ಬದಲಿಸಿ, ಮಧ್ಯಾಹ್ನ 1.10ಕ್ಕೆ ಟಿಳಕವಾಡಿಯ ಚಿತ್ರಮಂದಿರ ಮುಟ್ಟಿದೆ. ಮೂರರ ಆಟಕ್ಕೆ ಗಂಡಸರ ಸಾಲು ಆಗಲೇ ರಸ್ತೆಗೆ ಬಂದಿತ್ತು. ಹುಡುಗಿ ಮತ್ತು ಅವರ ಚಿಕ್ಕಮ್ಮ 2.20ಕ್ಕೆ ಬಂದರು. ಹೆಂಗಸರ ಕಿಟಕಿಯ ಮುಂದೆ ಒಂಬತ್ತೇ ಜನರಿದ್ದರು. ಚಿಕ್ಕಮ್ಮ, “ನಮ್ಮ ಸಾಲಿನ್ಯಾಗ ಐದು ಮಿನಿಟಿನ ಕೆಲಸ ಐತ್ರಿ, ನಾ ತರ್ತೀನಿ,” ಎಂದರು. ಊರಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಆದರೆ ಸಿನಿಮಾ ತೋರಿಸಲು ಕರೆದವನು ಹೆಣ್ಣಿನವರ ಕೈಯಲ್ಲಿ ಟಿಕೆಟ್ ತರಿಸಿದರೆ ಮರ್ಯಾದೆ ಏನು ಉಳಿಯಿತು ಎಂದುಕೊಂಡು ನಾನು ತಲೆ ಅಲ್ಲಾಡಿಸಿ, ಕೈಸನ್ನೆಯಿಂದ ಅವರನ್ನು ನೆರಳಿಗೆ ಕಳಿಸಿದೆ. ಬುದ್ಧಿ ಇದ್ದವನು ಮಾಡುವ ಕೆಲಸ ಅದಲ್ಲ. 2.50ಕ್ಕೆ ನನ್ನ ಮುಂದೆ ಇಬ್ಬರಿದ್ದಾಗ ಹೌಸ್‌ಫುಲ್ ಬೋರ್ಡು ಹಾಕಿದರು. ಹೆಂಗಸರ ಸಾಲಿನಲ್ಲಿದ್ದ ಒಂಬತ್ತೂ ಜನ ಒಳಗೆ ಹೋಗಿಯಾಗಿತ್ತು.

ಸೈಕಲ್ ಸ್ಟ್ಯಾಂಡಿನ ಹತ್ತಿರ ಕೆಂಪು ಟೋಪಿಯವನೊಬ್ಬ ಬ್ಲ್ಯಾಕಿನಲ್ಲಿ ಮಾರುತ್ತಿದ್ದ. ನನಗೆ ಬೇಕಾದದ್ದು ಮೂರು. ಬಿಡಿಸಿ ಕೊಡುವುದಿಲ್ಲ, ಐದೂ ತೆಗೆದುಕೊಳ್ಳಬೇಕು ಎಂದ. ಐದೂ ಕೊಂಡೆ. ಉಳಿದ ಎರಡನ್ನು ಹರಿದು ಎಸೆಯಲು ಹೋದಾಗ ಹುಡುಗಿ, ಯಾರಿಗಾದರೂ ಕಿಟಕಿಯ ದರಕ್ಕೇ ಕೊಟ್ಟುಬಿಡಿ, ಪಾಪ, ಎಷ್ಟೋ ಮಂದಿ ಮರಳಿ ಹೊರಟಿದ್ದಾರೆ ಎಂದರು. ಆಗ ನಾನು ಬಸ್ಸಿನಲ್ಲಿ ಹಿಡಿಯುವ ರೂಢಿಯಂತೆ ಟಿಕೆಟ್ಟುಗಳನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು, “ಯಾರ್ರೀ ಟಿಕೆಟ್! ಟಿಕೆಟ್ ಯಾರ್ರೀ, ಬರ್ರಿ ಲಗೂನ!” ಎಂದು ಕೂಗಿದೆ.

ಹುಡುಗಿ ನಕ್ಕರು. ಅವರ ಎದುರಿಗೆ ನನ್ನ ಬಾಯಿಂದ ಬಂದ ಮೊದಲ ಮಾತು ಅದು. ಎರಡನೆಯ ಮತ್ತು ಮೂರನೆಯ ಸಲ ಕೂಗಿದ್ದು ಟಿಕೆಟ್ ಮಾರುವುದಕ್ಕಲ್ಲ, ಅವರು ಇನ್ನೊಮ್ಮೆ ನಗಲಿ ಎಂದು. ಮೂರನೆಯ ಸಲ ಮುಗಿಯುವಷ್ಟರಲ್ಲಿ ಮಫ್ತಿಯಲ್ಲಿದ್ದ ಪೊಲೀಸರು ಹಿಂದಿನಿಂದ ಬಂದು ಕೊರಳಪಟ್ಟಿ ಹಿಡಿದರು. ಆಗ ಸಮಯ 2.58. ಜನ ಮುತ್ತಿದ ಗದ್ದಲದಲ್ಲಿ ಹುಡುಗಿ ಮತ್ತು ಚಿಕ್ಕಮ್ಮ ಹಿಂದೆಯೇ ಉಳಿದರು. ಕೆಂಪು ಟೋಪಿಯವನು ಹತ್ತು ಅಡಿ ದೂರದಲ್ಲಿ ಶೇಂಗಾ ತಿನ್ನುತ್ತ ನೋಡುತ್ತಿದ್ದ. ಸಿಕ್ಕವನೇ ಕಳ್ಳ ಎನ್ನುವುದು ಸುಳ್ಳಲ್ಲ.

3.20ಕ್ಕೆ ನನ್ನನ್ನು ಠಾಣೆಗೆ ತಂದರು. ಜೊತೆಗಿದ್ದವರ ಹೆಸರು ಹೇಳು, ಅವರು ಬಂದು ನಿನ್ನ ಮಾತು ನಿಜವೆಂದರೆ ಬಿಡುತ್ತೇವೆ, ಇಲ್ಲದಿದ್ದರೆ ಕೇಸು ಎಂದು ಸಾಹೇಬರು ತಿಳಿಸಿದರು. ಕೇಸಾದರೆ ನೌಕರಿ ಅಮಾನತಾಗುತ್ತದೆ, ಹೆಸರು ಹೇಳಿದರೆ ಸಂಬಂಧ ಮುರಿಯುತ್ತದೆ. ನಾಲ್ಕು ಸಲ ಕೇಳಿದರು, ನಾಲ್ಕು ಸಲವೂ ಹೇಳಲಿಲ್ಲ. ಸಿನಿಮಾದ ಒಂದು ದೃಶ್ಯವನ್ನೂ ನಾನು ನೋಡಿಲ್ಲ. ಆ ನಾಯಕನಿಗೆ ಕೊನೆಗೆ ಏನಾಯಿತೆಂದು ನನಗೆ ಗೊತ್ತಿಲ್ಲ.

ನಾನು ಇಷ್ಟು ಬರೆಸಿದ್ದಾಗ, 5.10ಕ್ಕೆ ಹುಡುಗಿ ಮತ್ತು ಚಿಕ್ಕಮ್ಮ ವಿಚಾರಿಸುತ್ತ ಠಾಣೆಗೆ ಬಂದರು. ನಾನು ಬೇಡವೆಂದು ಕೈಸನ್ನೆ ಮಾಡಿದೆ. ಹುಡುಗಿ ಸಾಹೇಬರಿಗೆ, “ಸಾಕ್ಷಿ ನಾನ ಅದೀನ್ರಿ. ಪ್ರಮಿಳಾ ಅಂತ ಬರಕೊಳ್ರಿ. ಇವರು ಕೂಗಿದ್ದು ಖರೇ, ಹೆಚ್ಚಿನ ದರಾ ಹೇಳಿದ್ದು ಸುಳ್ಳು,” ಎಂದರು. ಸಾಹೇಬರು, ಇವರು ನಿಮಗೆ ಏನಾಗಬೇಕು ಎಂದು ಕೇಳಿದರು. ಪ್ರಮಿಳಾ ಅವರು, “ಇನ್ನ ಏನೂ ಆಗಿಲ್ರೀ. ಅವರು ಬಾಯಿ ಬಿಟ್ಟು ಕೇಳಿದ್ರ ಆದೀತು,” ಎಂದು ನನ್ನ ಕಡೆ ನೋಡಿದರು. ನನಗೆ ಮಾತು ಹೊರಡಲಿಲ್ಲ. ಕೋಣೆಯಲ್ಲಿದ್ದವರೆಲ್ಲ ಕಾಯುತ್ತಿದ್ದರು. ನನ್ನ ಮೇಲೆಯೇ ನನಗೆ ಸಿಟ್ಟು ಬಂದು ಕಣ್ಣಲ್ಲಿ ನೀರು ಬಂತು.

ಆದರೆ ಈ ಹೇಳಿಕೆ ಬರೆದುಕೊಳ್ಳುತ್ತಿರುವ ಹವಾಲ್ದಾರ ಹಣಮಪ್ಪ ಅವರ ಜೊತೆ ನಾನು ಇಷ್ಟು ಹೊತ್ತು ಮಾತನಾಡಿದ್ದೇನೆ. ಆದ್ದರಿಂದ ಅವರಿಗೆ ಹೇಳಿ ಬರೆಸುತ್ತಿದ್ದೇನೆ: ಪ್ರಮಿಳಾ ಅವರಿಗೆ ಮನಸ್ಸಿದ್ದರೆ ಅವರನ್ನು ಮದುವೆಯಾಗಲು ನನಗೆ ಮನಸ್ಸಿದೆ. ಹನ್ನೆರಡನೆಯವರೆಂದಲ್ಲ, ಅವರು ನಕ್ಕರೆಂದು. ಇದನ್ನು ಯಾರ ಹೆದರಿಕೆಗೂ ಒತ್ತಾಯಕ್ಕೂ ಒಳಗಾಗದೆ ಹೇಳಿದ್ದೇನೆ.

ಬರೆದದ್ದನ್ನು ನನಗೆ ಓದಿ ಹೇಳಿದರು, ನಾನು ಹೇಳಿದಂತೆಯೇ ಇದೆ. ಕೊನೆಯ ಭಾಗವನ್ನು ಪ್ರಮಿಳಾ ಅವರು ಕೇಳಿಕೊಂಡಿದ್ದರಿಂದ ಎರಡು ಸಲ ಓದಲಾಯಿತು.

ಸ್ಥಳ: ಬೆಳಗಾವಿ
ದಿನಾಂಕ: 18-02-2001, ಸಂಜೆ 5.55
ಸಹಿ: ಬಾಳೇಶ ಭ. ಪೂಜೇರಿ
ಓದಿದ್ದನ್ನು ಕೇಳಿ ಒಪ್ಪಿದವರ ಸಹಿ: ಪ್ರಮಿಳಾ