ಖಾಲಿ ಡಬ್ಬಿ ವಾಪಸ್ ಕೊಡಬಾರದು

ಇಲ್ಲ ಅಜ್ಜಿ, ಲ್ಯಾಪ್‌ಟಾಪಿಗೆ ಕಳ್ಳ ಕಾಪಿ ಹಾಕಲ್ಲ ಅಂದ್ರೆ ಹಾಕಲ್ಲ! ನೀವು ಬಾಯಿ ಬಿಟ್ಟು ಕೇಳ್ದಿದ್ರೂ ಮುಖದಲ್ಲೇ ಬರ್ದಿದೆ. 'ಈ ಯೊಂಗ್ಸಾನ್ ಕಂಪ್ಯೂಟರ್ ಮಾರ್ಕೆಟ್ಟಲ್ಲಿ ಸಿಗದೇ ಇರೋ ಸಾಮಾನಿದ್ಯಾ, ಇವ್ನೇ ಸೋಮಾರಿ' ಅಂತ ತಾನೆ? ಸೋಮಾರಿ ಹೌದು, ಒಪ್ಕೋತೀನಿ. ಕಾಲೇಜು ಬಿಟ್ಟಿದ್ದೇ ಅದಕ್ಕೆ. ಕಳ್ಳ ಮಾತ್ರ ಅಲ್ಲ.

ಕೂತ್ಕೊಳ್ಳಿ. ಆ ಮಾನಿಟರ್ ಕೆಳಗಿಡಿ, ಅದರಡಿ ಸ್ಟೂಲಿದೆ. ಏನದು, ಇವತ್ತೂ ಡಬ್ಬಿನಾ? ಮೂಲಂಗಿ ಕಿಮ್ಚಿ! ಅಯ್ಯೋ ದೇವ್ರೇ... ಕೊಡಿ ಇಲ್ಲಿ.

ನೋಡಿ, ಇನ್ನೊಂದ್ಸಲ ಹೇಳ್ತೀನಿ. ನಿಮ್ಮನೆ ತಾತ ಹದಿನೈದು ವರ್ಷ ಬರ್ದಿದ್ದು 'ನನ್ನ ದಿನಚರಿ' ಅನ್ನೋ ಪ್ರೋಗ್ರಾಮಲ್ಲಿ. ಅವ್ರು ಹೋದ್ಮೇಲೆ ನಿಮ್ಮ ಮಗರಾಯ ಲ್ಯಾಪ್‌ಟಾಪ್ ಕ್ಲೀನ್ ಮಾಡ್ತೀನಿ ಅಂತ ಆ ಪ್ರೋಗ್ರಾಮನ್ನೇ ಗುಡಿಸಿ ಹಾಕ್ದ. ಬರ್ದಿದ್ದೆಲ್ಲ ಒಳಗೇ ಇದೆ, ತೆಗೆಯೋಕೆ ಬೀಗದಕೈ ಇಲ್ಲ. ಅದನ್ನ ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲ ಆಯ್ತು. ನೆಟ್ಟಲ್ಲಿ ಹುಡುಕಿದ್ರೆ 'ಡೌನ್‌ಲೋಡ್' ಅಂತ ಹಸಿರು ಬಟನ್ನು, ಒಂದಲ್ಲ, ಆರು! ಒಂದು ಒತ್ತಿದ್ರೆ ಜೂಜಾಟ, ಇನ್ನೊಂದು ಒತ್ತಿದ್ರೆ ವೈರಸ್ಸು... ತಾತನ ಹದಿನೈದು ವರ್ಷ ಒಂದೇ ಗುಕ್ಕಿಗೆ ಗುಳುಂ! ಅದಕ್ಕೇ ಅಸಲಿ ಬೇಕು. ಮಾಡಿದೋನ ಕೈಯಿಂದಾನೇ ಬೇಕು.

ಎಲ್ಲಿದಾನೆ ಅಂದ್ರೆ? ನಮ್ಮ ದೇಶದಲ್ಲಿ ಕೆಲಸ ಹೋದ ಇಂಜಿನಿಯರು ಮಾಡೋದು ಇನ್ನೇನು... ಅಂಗಡಿ ಇಟ್ಟು ಕೋಳಿ ಕರಿಯೋದು! ಯಾಕೆ ನಗ್ತೀರಾ? ನಿಜಾನೇ. ಯಾವೂರಲ್ಲಿ ಕರೀತಾ ಕೂತಿದಾನೋ... ಹುಡುಕ್ತಿದೀನಿ, ಹುಡುಕ್ತಾನೇ ಇದೀನಿ.

ಹೋದ ತಿಂಗಳು ವರ್ಷದ ತಿಥೀಗೆ ಒಂದು ಪುಟನಾದ್ರೂ ಎಡೆ ಮುಂದೆ ಇಡ್ಬೇಕು ಅಂತಿದ್ರಿ. ಆಗ್ಲಿಲ್ಲ. ಗೊತ್ತು ಅಜ್ಜಿ. ಅದೊಂದು ಮಾತು ಎತ್ಬೇಡಿ.

ಟೀ ಕುಡೀತೀರಾ? ಇಷ್ಟು ಬೇಗ ಏಳ್ಬೇಡಿ. ಈ ಮಹಡೀಲಿ ನಲವತ್ತು ಅಂಗಡಿ ಇತ್ತು, ಈಗ ಶಟರ್ ಎತ್ತೋನು ನಾನೊಬ್ನೇ. ವಾರಪೂರ್ತಿ ನನ್ನ ಹತ್ರ ಮಾತಾಡೋದು ಯಾರು ಗೊತ್ತಾ? ಲಿಫ್ಟು! 'ಬಾಗಿಲು ಮುಚ್ಚುತ್ತಿದೆ' ಅನ್ನತ್ತೆ. ಮಂಗಳವಾರ ಬಂದ್ರೆ ನೀವು. 'ಸ್ಟೂಡೆಂಟೂ, ಊಟ ಆಯ್ತೇನೋ' ಅಂತೀರಾ. ಕಾಲೇಜು ಬಿಟ್ಟು ಮೂರು ವರ್ಷ ಆಯ್ತು ಮಾರಾಯ್ರೆ, ಲೋಕದಲ್ಲಿ ನೀವೊಬ್ರೇ ಇನ್ನೂ ನನ್ನ ಸ್ಟೂಡೆಂಟು ಅನ್ನೋರು.

ಡಬ್ಬಿಗಳಾ? ಅಲ್ಲೇ ಶೆಲ್ಫಲ್ಲಿವೆ, ಹನ್ನೊಂದೂ ತೊಳ್ದಿಟ್ಟಿದೀನಿ. ಆದ್ರೆ ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂದೋರು ನೀವೇ ತಾನೆ? ಮುಂದಿನ ವಾರ ಏನಾದ್ರೂ ತುಂಬಿಸಿ ಕೊಡ್ತೀನಿ. ಈಗ ಇದನ್ನ ತಿನ್ನೋಕೆ ಬಿಡಿ.

ಆಹಾ! ಹಾಡು ಗುನುಗ್ತಾ ಮೂಲಂಗಿ ಹೆಚ್ಚಿದ್ರೆ ಉಪ್ಪು ಮರ್ತೇ ಹೋಗ್ತೀರಂತೆ... ಈ ಸಲ ಉಪ್ಪು ಹದವಾಗಿದೆ. ಭೇಷ್ ಒಕ್‌ಬುನ್!

...ಏನಾಯ್ತು? ಯಾಕೆ ಹಂಗೆ ನೋಡ್ತೀರಾ?

ಹೆಸ್ರಾ? ಅದು... ರಸೀದೀಲಿ ನೋಡಿರ್ಬೇಕು. ರಸೀದೀಲಿ... ಹ್ಞಾ, 'ಹ್ಯೊನ್‌ಗಿಲ್‌ನ ಅಮ್ಮ' ಅಂತಷ್ಟೇ ಬರ್ಸಿದ್ರಿ. ಹೌದು. ಹಂಗಾದ್ರೆ ನೀವೇ ಯಾವಾಗ್ಲೋ ಹೇಳಿದ್ರಿ. ಹೇಳ್ಲಿಲ್ವಾ? ಆ ಹೆಸ್ರು ಹಿಡ್ದು ಕರೀತಿದ್ದೋರು... ತಾತ ಒಬ್ರೇನಾ?

ಯಾಕೆ ಎದ್ರಿ ಅಜ್ಜಿ? ಡಬ್ಬಿಗಳನ್ನೆಲ್ಲ ಯಾಕೆ ಚೀಲಕ್ಕೆ ತುಂಬ್ತಿದೀರಾ? ಬೈರಿ.

ಬೇಡ, ಆ ಕೆಂಪು ಮುಚ್ಚಳದ ಡಬ್ಬಿ ಬೇಡ! ತೆಗೀಬೇ...

ಡಿಸ್ಕು. ಹ್ಞೂಂ. ಅಸಲೀದೇ. ಜೊತೆಗಿರೋ ಎಣ್ಣೆ ಮೆತ್ತಿದ ಚೀಟಿ ಇಂಜಿನಿಯರು ಕೈಯಾರೆ ಬರ್ಕೊಟ್ಟ ಒಪ್ಪಿಗೆ. ಸುವಾನ್ ಸ್ಟೇಷನ್ ಹಿಂದೆ ಕೋಳಿ ಅಂಗಡಿ. ಕೆಳಗಿರೋ ತಾರೀಕು ಓದ್ಬೇಡಿ... ಓದಿಬಿಟ್ರಾ.

ಮಾರ್ಚ್ ಒಂಬತ್ತು. ತಿಥೀಗೆ ಇನ್ನೂ ಐದು ವಾರ ಇತ್ತು.

ಅವತ್ತೇ ಡಬ್ಬೀಲಿ ಹಾಕಿಟ್ಟೆ, ಖಾಲಿ ಕೊಡಬಾರದಲ್ಲ! ಮಂಗಳವಾರ ಕೊಡೋಣ ಅಂತ. ನೀವು ಬಂದ್ರಿ, ಕೂತ್ರಿ, ಮೊಟ್ಟೆ ಸುಲಿದು ಕೊಟ್ರಿ... ಮುಂದಿನ ಮಂಗಳವಾರ ಕೊಡೋಣ ಅಂದ್ಕೊಂಡೆ. ಕೊಟ್ಬಿಟ್ರೆ ಅದರ ಮುಂದಿನ ಮಂಗಳವಾರ...

ಲ್ಯಾಪ್‌ಟಾಪ್ ಭಾರ ಇದೆ, ಕೆಳಗಿನ ತನಕ ನಾನೇ... ಸರಿ. ಮುಟ್ಟಲ್ಲ. ಮನೇಲಿ ಆನ್ ಮಾಡಿ, ನೀಲಿ ಪುಸ್ತಕದ ಚಿತ್ರ ಒತ್ತಿ, ಅಷ್ಟೇ. ಪ್ರೋಗ್ರಾಮ್ ಹಾಕಾಗಿದೆ. ಮಾರ್ಚಲ್ಲೇ. ನಾಕೇ ನಾಕು ಪುಟ ಓದಿದ್ದು, ನಿಮ್ಮಾಣೆ!

...ಇಲ್ಲ. ಪೂರ್ತಿ ಓದ್ದೆ. ಪ್ರತಿ ಪುಟದಲ್ಲೂ ನೀವಿದೀರಾ.

ಅಜ್ಜಿ, ಮೂಲಂಗಿ ಡಬ್ಬಿ ಮರ್ತ್ರಿ, ಇನ್ನೂ ತುಂಬಾ ಇದೆ ಇದ್ರಲ್ಲಿ. ಮರ್ತಿಲ್ವಾ? ನಂಗೇ ಬಿಟ್ರಾ?

ಒಂದೇ ಒಂದ್ಸಲ ಸ್ಟೂಡೆಂಟೂ ಅಂದು ಹೋಗ್ರೀ... ಬಾಗ್ಲು ತೆಗ್ದೇ ಇರ್ಲಿ ಅಜ್ಜಿ, ಗಿರಾಕಿ ಯಾರಾದ್ರೂ ಬಂದ್ರೆ...

...ಹಾಕ್ಕೊಂಡೇ ಹೋದ್ರು.