ಕೆಳಗಿನಿಂದ ಒಂದೇ ಏಟು

ನನ್ನ ಚಿಕ್ಕಪ್ಪನ ಮಗ ಸ್ಪಾಸ್ ಕುಡಿದು ಮಾತಾಡುವವನಲ್ಲ. ಕುಡಿಯದೆಯೂ ಮಾತಾಡುವವನಲ್ಲ. ಅದಕ್ಕೇ ಅವನು ಹೇಳಿದ್ದನ್ನು ನಂಬಿದೆ. ಆಮೇಲಿನದ್ದನ್ನು ನಾನೇ ಕಂಡೆ.

ಆವತ್ತು ಸಿನಿಮಾ ಬಿಟ್ಟಾಗ ಹನ್ನೊಂದೂವರೆ. ಇಬ್ಬರೂ ನಡೆದುಕೊಂಡೇ ಮನೆಗೆ ಹೊರಟಿದ್ದೆವು. ಡ್ಯಾನ್ಯೂಬ್ ನದಿಯ ಮಂಜು ಬೀದಿಗೆ ಹತ್ತಿತ್ತು. ಅಕ್ರೋಟ್ ಮರದ ಕೆಳಗೆ ಒಂದು ಹಳೇ ಬಾವಿ ಇದೆ, ಬಾಯಿಗೆ ಹಲಗೆ ಮುಚ್ಚಿದ್ದಾರೆ. ಸ್ಪಾಸ್ ಅಲ್ಲಿ ನಿಂತ. ಬೂಟಿನ ಹಿಮ್ಮಡಿಯಿಂದ ಹಲಗೆಗೆ ಎರಡು ಏಟು ಹಾಕಿದ. ಟಕ್... ಟಕ್. ಕಿವಿಗೊಟ್ಟು ನಿಂತ.

"ಏನೋ ಅದು?" ಅಂದೆ.

"ಇಲ್ಲಿ ಬರಲ್ಲ. ಅಲ್ಲಿ ಮಾತ್ರ ಬರುತ್ತೆ."

"ಏನು ಬರುತ್ತೆ?"

"ಉತ್ತರ."

ಅವನು ಕೆಲಸ ಮಾಡುತ್ತಿದ್ದದ್ದು ನಮ್ಮೂರ ಹಳೇ ಸಂಗೀತ ಸಭಾಂಗಣದಲ್ಲಿ. ಹಗಲು ವಾದ್ಯದವರು, ರಾತ್ರಿ ಸಿನಿಮಾ. ಬೇರೆ ಕಡೆ ತೆರೆ ಮೇಲಿನಿಂದ ಇಳಿಯುತ್ತೆ, ನಮ್ಮಲ್ಲಿ ನೆಲದಿಂದ ಏಳುತ್ತೆ. ಚಾವಣಿ ತುಂಬ ಗಾರೆಯ ದೇವದೂತರು, ಅಲ್ಲಿ ಒಂದು ಮೊಳೆ ಹೊಡೆಯಲೂ ಬಿಡಲ್ಲ. ಹಾಗಾಗಿ ವೇದಿಕೆಯ ಉದ್ದಕ್ಕೂ ಒಂದು ಸೀಳು, ಅದರ ಕೆಳಗೆ ಗುಂಡಿ. ಗುಂಡಿಯಲ್ಲಿ ದಪ್ಪ ಮರದ ಉರುಳೆ, ಉರುಳೆಗೆ ಸುತ್ತಿದ ತೆರೆ. ತೆರೆಯ ಮೇಲಂಚಿಗೆ ಕಬ್ಬಿಣದ ಅಡ್ಡಪಟ್ಟಿ. ಇಬ್ಬರು ಆಳಿನ ತೂಕ. ಆಟ ಮುಗಿದ ಮೇಲೆ ಮೇಲಿರುವವನು ಬ್ರೇಕು ಬಿಟ್ಟರೆ ಪಟ್ಟಿ ನೇರ ಗುಂಡಿಗೆ ಇಳಿಯುತ್ತೆ.

ಬಿಡುವ ಮೊದಲು ಹಿಮ್ಮಡಿಯಿಂದ ಎರಡು ಏಟು ಹಾಕಬೇಕು. ಕೆಳಗಿರುವವನು ತೆರೆಯ ಬಟ್ಟೆ ಸರಿಮಾಡಿ, ಪಕ್ಕಕ್ಕೆ ಸರಿದು, ಮೊಳೆಗೆ ನೇತುಹಾಕಿದ ಮರದ ಕೊಡತಿ ತೆಗೆದು ಕಬ್ಬಿಣದ ಕೊಳವೆಗೆ ಒಂದೇ ಏಟು ಹೊಡೆಯಬೇಕು. ಠಂಗ್. ಅಂದರೆ... ನಾನು ಸರಿದಿದ್ದೀನಿ, ಬಿಡು. ಕೂಗಿದರೆ ಕೇಳಿಸಲ್ಲ. ಕೆಳಗಿನ ಗಲಾಟೆ ಮೇಲೆ ಬರಬಾರದು ಅಂತ ಗುಂಡಿಯ ಗೋಡೆಗೆಲ್ಲ ಕಂಬಳಿ ಹೊಡೆದಿದ್ದಾರೆ.

ಮೂವತ್ತು ವರ್ಷ ಆ ಏಟು ಹೊಡೆದವನು ಮಿಂಚೋ ಮಾವ. ಆ ವರ್ಷದ ಫೆಬ್ರವರಿಯಲ್ಲಿ ಅದೇ ಪಟ್ಟಿಯ ಕೆಳಗೆ ಸತ್ತ. ವಿಚಾರಣೆಗೆ ಬಂದವರಿಗೆ ಸ್ಪಾಸ್, "ಕೊಡತಿ ಕೇಳಿಸಿತು, ಬಿಟ್ಟೆ" ಅಂದಿದ್ದ. ಏಟು ಹೊಡೆದ ಮೇಲೆ ಮುದುಕ ಮತ್ತೆ ಒಳಗೆ ಬಗ್ಗಿರಬೇಕು ಅಂತ ಬರೆದುಕೊಂಡು ಹೋದರು.

"ಕೇಳಿಸಿರಲಿಲ್ಲ ಕಣೋ." ಬಾವಿಯ ಹತ್ತಿರ ಸ್ಪಾಸ್ ಪಿಸುಗುಟ್ಟಿದ. "ಕೊನೇ ಬಸ್ಸಿಗೆ ಹೊತ್ತಾಗಿತ್ತು. ದಿನಾ ಹೊಡೆಯೋನು ಇವತ್ತೂ ಹೊಡೀತಾನೆ ಅಂತ... ಬಿಟ್ಬಿಟ್ಟೆ."

"ಪೆನಾ ಅತ್ತೆಗೆ ಗೊತ್ತಾ?" ಪೆನಾ ಅತ್ತೆ ಅಂದರೆ ಮಿಂಚೋನ ಹೆಂಡತಿ.

"ಹೇಳಿಲ್ಲ. ಭಾನುವಾರ ಭಾನುವಾರ ನನಗೆ ಬನಿತ್ಸಾ ಮಾಡಿ ಕಳಿಸ್ತಾಳೆ. ಗಿಣ್ಣು ಜಾಸ್ತಿ ಹಾಕಿ. ತಿಂತೀನಿ."

ಬಸ್ಸಿನ ಟೈಮ್ ಹೇಳುವವನ ಹಾಗೆ ಹೇಳಿದ. ಮುಖದಲ್ಲಿ ಏನೂ ಇರಲಿಲ್ಲ.

"ಈಗ ಕೆಳಗೆ ಮೋಟಾರು ಕೂರಿಸಿದ್ದಾರೆ. ಬಟ್ಟೆ ಅದೇ ಸುತ್ತಿಕೊಳ್ಳುತ್ತೆ. ಕೆಳಗೆ ನರಪಿಳ್ಳೆ ಇಲ್ಲ. ಆದರೂ ಬ್ರೇಕು ಹಿಡಿದಾಗ ನನ್ನ ಕಾಲು ಎರಡು ಏಟು ಹಾಕುತ್ತೆ. ದಿನಾ... ಒಂದು ವಾಪಸ್ ಬರುತ್ತೆ."

"ಹೆದರಿಕೆ ಆಗಲ್ವಾ?"

"ಆಗಬೇಕಿತ್ತು. ಆಗಲ್ಲ. ಬರುತ್ತೆ, ಬಿಡ್ತೀನಿ, ಮನೆಗೆ ಹೋಗಿ ಬ್ರೆಡ್ಡು ತಿಂದು ಮಲಗ್ತೀನಿ."

ಮಿಂಚೋ ಸತ್ತು ವರ್ಷ ತುಂಬಿದ ದಿನ ನಾನು ಊರಲ್ಲೇ ಇದ್ದೆ. ನಮ್ಮಲ್ಲಿ ಸತ್ತವರ ಫೋಟೋ ಹಾಕಿ ಕಾಗದ ಅಚ್ಚು ಹಾಕಿಸುತ್ತಾರೆ. ನಲವತ್ತನೇ ದಿನ, ಆರು ತಿಂಗಳಿಗೆ, ವರ್ಷಕ್ಕೆ. ಮನೆ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಕೆಲಸ ಮಾಡಿದ ಜಾಗಕ್ಕೆ ಅಂಟಿಸುತ್ತಾರೆ. ಪೆನಾ ಅತ್ತೆ ಸಂಜೆ ಕಾಗದದ ಸುರುಳಿ, ಅಂಟಿನ ಡಬ್ಬ, ಸಕ್ಕರೆ ಉದುರಿಸಿದ ಬೇಯಿಸಿದ ಗೋಧಿ ಹಿಡಿದು ಸಭಾಂಗಣಕ್ಕೆ ಬಂದಳು. ಸತ್ತವರ ಹೆಸರಲ್ಲಿ ಆ ಗೋಧಿ ತಿನ್ನಬೇಕು. ತಿಂದೆವು.

"ಬದುಕಿದ್ದೀಯೇನೋ ಅಲೆಮಾರಿ?" ಅಂದಳು ನನಗೆ. "ನಿನ್ನ ಕಾಗದಾನೂ ಅಚ್ಚು ಹಾಕಿಸೋಣ ಅಂತಿದ್ದೆ."

"ಚೆನ್ನಾಗಿರೋ ಫೋಟೋ ಹಾಕಿಸು ಅತ್ತೆ."

"ಅಂಥದ್ದು ಎಲ್ಲಿಂದ ತರಲಿ!"

ಬಾಗಿಲಿಗೆ ಅಂಟಿಸಿ ಹೋಗ್ತೀನಿ ಅಂದಳು. ಹೋದಳು ಅಂದುಕೊಂಡೆವು.

ಆಟ ಮುಗಿಯಿತು. ಜನ ಹೋದರು. ನಾನು ಮುಂದಿನ ಸಾಲಲ್ಲಿ ಕೂತಿದ್ದೆ. ಸ್ಪಾಸ್ ಬ್ರೇಕಿನ ಹಿಡಿಗೆ ಕೈ ಹಾಕಿದ. ಟಕ್... ಟಕ್.

ಏನೂ ಇಲ್ಲ.

ಮತ್ತೆ ಹಾಕಿದ. ಟಕ್... ಟಕ್. ಎಲ್ಲೋ ಒಂದು ಕುರ್ಚಿ ತಾನಾಗಿ ಮಡಚಿಕೊಂಡಿತು, ಕಿರ್ ಅಂತ. ಅಷ್ಟೇ. ಸ್ಪಾಸ್‌ನ ತುಟಿ ಬಿಳಚಿಕೊಂಡದ್ದು ನನಗೆ ಕೂತಲ್ಲಿಂದಲೇ ಕಾಣಿಸಿತು.

ಮ್ಯಾನೇಜರ್ ಕಲ್ಚೇವ್ ಹಿಂದಿನಿಂದ ಕೂಗಿದ. "ಬಿಡಯ್ಯಾ! ಬೆಳಗ್ಗೆ ಪಿಟೀಲಿನವರು ಬರ್ತಾರೆ. ಯಾರ ಅಪ್ಪಣೆಗೆ ಕಾಯ್ತಿದ್ದೀಯ, ಮೋಟಾರಿನದ್ದಾ?"

"ಕೆಳಗಿನವರದ್ದು."

"ಕೆಳಗೆ ಯಾರಿದ್ದಾರೆ?"

"ಅದೇ ಗೊತ್ತಿಲ್ಲ."

ಕಲ್ಚೇವ್ ಬುಸುಗುಡುತ್ತ ಹತ್ತಿ ಬಂದು ತಾನೇ ಹಿಡಿಗೆ ಕೈ ಹಾಕಿದ. ಸ್ಪಾಸ್ ಎರಡೂ ತೋಳಿಂದ ಅದನ್ನು ತಬ್ಬಿಕೊಂಡ.

"ಒಂದು ಸಲ ಉತ್ತರ ಬರದೇ ಬಿಟ್ಟಿದ್ದೀನಿ" ಅಂದ. ಪಿಸುಮಾತಲ್ಲ, ಜೋರಾಗಿ. "ಸಾಕು."

ಕಲ್ಚೇವ್‌ನ ಕೈ ತಾನಾಗಿ ಸಡಿಲವಾಯಿತು. ನಾನು ಟಾರ್ಚ್ ಹಿಡಿದು ಹಿಂದಿನ ಮೆಟ್ಟಿಲು ಇಳಿದೆ. ಗುಂಡಿಯ ಬಾಗಿಲು ತೆರೆದಿತ್ತು.

ಪೆನಾ ಅತ್ತೆ ಸೀಳಿನ ನೇರ ಕೆಳಗೆ ನಿಂತಿದ್ದಳು. ಪಕ್ಕದ ಮರದ ಕಂಬದ ಮೇಲೆ ಮಿಂಚೋನ ಕಾಗದ ಅರ್ಧ ಅಂಟಿತ್ತು. ಅವಳ ಟಾರ್ಚ್ ಆರಿಹೋಗಿತ್ತು.

"ಎರಡು ಸಲ ಕೇಳಿಸ್ತು" ಅಂತ ಸಿಡುಕಿದಳು. "ಇಲ್ಲಿ ನಾನಿದ್ದೀನಿ ಅಂತ ತಿಳಿಸೋಣ ಅಂದರೆ ಕೊಡತೀನೇ ಇಲ್ಲ. ಮೂವತ್ತು ವರ್ಷ ಈ ಮೊಳೆ ವಿಷಯ ಕೇಳಿದ್ದೀನಿ, ಕಣ್ಣು ಮುಚ್ಚಿ ಮುಟ್ಟಬಲ್ಲೆ. ಬರೀ ಮೊಳೆ! ಯಾವನು ಕದ್ದ?"

ಅವಳಿಗೆ ಕೊಡತಿ ಸಿಕ್ಕಿದ್ದರೆ, ಕತ್ತಲಲ್ಲಿ ಸೀಳಿನ ಕೆಳಗೇ ಇದ್ದೀನಿ ಅಂತ ತಿಳಿಯದೆ, ಒಂದು ಏಟು ಹೊಡೆಯುತ್ತಿದ್ದಳು. ಮೇಲೆ ಸ್ಪಾಸ್ ಅದನ್ನು ಉತ್ತರ ಅಂದುಕೊಂಡು ಪಟ್ಟಿಯನ್ನು ಅವಳ ಮೇಲೇ ಬಿಡುತ್ತಿದ್ದ.

ಮೊಳೆಯ ಕಡೆ ಬೆಳಕು ಬಿಟ್ಟೆ. ಕೊಡತಿ ಅಲ್ಲೇ ಇತ್ತು. ಮೆಲ್ಲಗೆ... ಅತ್ತ ಇತ್ತ ತೂಗಾಡುತ್ತಿತ್ತು.

ಅವಳು ಅದನ್ನೇ ನೋಡಿದಳು. ಮೊಳೆಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡು ಮೇಲೆ ಬಂದಳು.

"ಆವತ್ತು ಮಾವ ಏಟು ಹೊಡೆದಿರಲಿಲ್ಲ ಅತ್ತೆ" ಅಂದ ಸ್ಪಾಸ್. "ನಾನು ಸುಳ್ಳು ಹೇಳಿದೆ."

ಪೆನಾ ಅತ್ತೆ ಬೆರಳಿನ ಅಂಟನ್ನು ಲಂಗಕ್ಕೆ ಒರೆಸಿಕೊಂಡಳು. ಒಂದೊಂದೇ ಬೆರಳು.

"ಗೊತ್ತು. ಏಟು ಹೊಡೆದ ಮೇಲೆ ಒಳಗೆ ಬಗ್ಗೋ ಮನುಷ್ಯ ಅಲ್ಲ ಅವನು. ನೀನೇ ಬಂದು ಹೇಳಲಿ ಅಂತ ವರ್ಷಪೂರ್ತಿ ತಿಂಡಿ ಕಳಿಸಿದೆ."

ಮಾರನೇ ದಿನ ಸ್ಪಾಸ್ ಪೊಲೀಸ್ ಠಾಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟ. ಕೇಸು ನಡೀತಿದೆ. ಬನಿತ್ಸಾ ನಿಂತುಹೋಯಿತು.

ಈಗ ಬ್ರೇಕು ಹಿಡಿಯೋನು ಬೇರೆಯವನು. ರಬ್ಬರ್ ಬೂಟಿನವನು, ಏಟುಗೀಟು ಅವನಿಗೆ ಗೊತ್ತಿಲ್ಲ. ಹೋದ ತಿಂಗಳು ಪೆನಾ ಅತ್ತೆ ನನ್ನನ್ನು ಕರೆದುಕೊಂಡು ಸಿನಿಮಾಕ್ಕೆ ಹೋದಳು. ಆಟ ಮುಗಿದ ಮೇಲೆ ಮೊಣಕೈಯಿಂದ ತಿವಿದು, "ಹಾಕು" ಅಂದಳು. ವೇದಿಕೆ ಹತ್ತಿ ಹಲಗೆಗೆ ಹಿಮ್ಮಡಿಯಿಂದ ಎರಡು ಏಟು ಹಾಕಿದೆ. ಟಕ್... ಟಕ್.

ಠಂಗ್.

ಮರ ಕಬ್ಬಿಣಕ್ಕೆ ಬಡಿದ ಸದ್ದು. ಬೇರೆ ಯಾವುದೂ ಅಲ್ಲ. ರಬ್ಬರ್ ಬೂಟಿನವನೂ ತಿರುಗಿ ನೋಡಿದ, ಬೇಕಾದರೆ ಅವನನ್ನೇ ಕೇಳಿ.

"ಸರಿದಿದ್ದಾನೆ" ಅಂದಳು ಪೆನಾ ಅತ್ತೆ. ಕೋಟಿನ ಗುಂಡಿ ಹಾಕಿಕೊಂಡಳು.

ಕೊಡತಿ ಅವಳ ಚೀಲದಲ್ಲೇ ಇತ್ತು. ಚೀಲ ನನ್ನ ಕೈಯಲ್ಲಿತ್ತು.